ದೊಡ್ಡಪ್ಪನ ಕಾರಿನ ಬೆನ್ನು

ನಮ್ಮ ಮಾವ ಕಣ್ಣು ಮುಚ್ಚಿಕೊಂಡು ಕಾರಿನಲ್ಲಿ ಕೂತರೆ ಯಾರೂ ಕೆಮ್ಮಬಾರದು. ಅವನು ಅಮ್ಮನ ತಮ್ಮ, ಗೇರ್‌ಬಾಕ್ಸ್ ಕೆಲಸದವನು. ಗಿರಾಕಿ ಗಾಡಿ ಓಡಿಸುತ್ತಿದ್ದರೆ ಮಾವ ಪಕ್ಕದ ಸೀಟಿನಲ್ಲಿ ತಲೆ ಹಿಂದಕ್ಕೆ ಒರಗಿಸಿ, ಅಂಗೈಯನ್ನು ಗೇರ್ ಲಿವರಿನ ಬುಡಕ್ಕೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಾನೆ. ಎರಡು ರಸ್ತೆ ಸುತ್ತಿ ಬರುವಷ್ಟರಲ್ಲಿ ಯಾವ ಹಲ್ಲು ಸವೆದಿದೆ, ಯಾವ ಬೇರಿಂಗ್ ಅಳುತ್ತಿದೆ ಎಂದು ಹೇಳಿಬಿಡುತ್ತಾನೆ. ಒಮ್ಮೆ ಹೊಸ ಗಿರಾಕಿಯೊಬ್ಬ ಮಾವನಿಗೆ ನಿದ್ದೆ ಹತ್ತಿದೆ ಎಂದುಕೊಂಡು, ಪಾಪ, ಎಬ್ಬಿಸುವುದು ಬೇಡವೆಂದು ಇನ್ನೊಂದು ಸುತ್ತು ಹೆಚ್ಚಿಗೆ ಹಾಕಿಕೊಂಡು ಬಂದಿದ್ದ.

"ಕಣ್ಣು ಬಿಟ್ಟರೆ ಕಿವಿಗೆ ಸೋಮಾರಿತನ ಬರುತ್ತೆ ಕಣೇ" ಎನ್ನುತ್ತಾನೆ ಮಾವ.

ಶಾಲೆ ಬಿಟ್ಟ ಮೇಲೆ ನಾನು ಅವನ ಗ್ಯಾರೇಜಿಗೇ ಬಂದೆ. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ತಟ್ಟೆಯಲ್ಲಿ ಜೋಡಿಸಿಡುವುದು, ಗಾಡಿಯ ಅಡಿಯಲ್ಲಿ ಮಲಗಿದ ಮಾವನಿಗೆ ದೀಪ ಹಿಡಿಯುವುದು ನನ್ನ ಕೆಲಸ. ಗೇಟಿನದೂ ನನ್ನದೇ. ಗ್ಯಾರೇಜಿನ ಮುಂದಿನ ರಸ್ತೆ ಇಕ್ಕಟ್ಟು, ಅದರ ಮೇಲೆ ಏರು. ಒಳಗಿನಿಂದ ಕಾರು ಹಿಮ್ಮುಖವಾಗಿಯೇ ಹೊರಬರಬೇಕು. ನಾನು ರಸ್ತೆಗೆ ಇಳಿದು ಸೈಕಲ್‌ನವರಿಗೆ ಕೈ ಅಡ್ಡ ಹಿಡಿಯುತ್ತೇನೆ. ಕಾರು ಹೊರಬಂದು, ತಿರುಗಿ, ಏರು ಹತ್ತಿ, ಮೂಲೆಯ ಹಿಟ್ಟಿನ ಗಿರಣಿಯ ಹತ್ತಿರ ಮರೆಯಾಗುವವರೆಗೂ ನಿಂತು ನೋಡಿ ಗೇಟು ಹಾಕುತ್ತೇನೆ. ಹಾಗಾಗಿ ಕಾರುಗಳ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಓಡಾಡಿದರೆ ಸದ್ದಾಗುವುದಿಲ್ಲ ಎಂದು ಮಾವ ನನ್ನನ್ನು ಬೆಕ್ಕು ಎಂದು ಕರೆಯುತ್ತಾನೆ. ಗಿರಾಕಿಗಳ ಎದುರಿಗೂ ಹಾಗೇ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ದುಡಿಮೆಯ ಕಾಲವನ್ನೆಲ್ಲ ಬಸ್ಸಿನ ಸ್ಟೀರಿಂಗ್ ಹಿಂದೆಯೇ ಕಳೆದವರು. ಅವರ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯಬೇಕಿರಲಿಲ್ಲ ಎಂದು ಈಗಲೂ ಜನ ಹೇಳುತ್ತಾರೆ. ನಿವೃತ್ತಿಯಾಗುವ ಹೊತ್ತಿಗೆ ಎಡಗಡೆ ಮಂಡಿ ಕೈಕೊಟ್ಟಿತ್ತು. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ದೊಡ್ಡಪ್ಪ ಕೆಲವು ದಿನ ಮನೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದು, ಆಮೇಲೆ ಒಂದು ಹಳೇ ಆಟೋಮ್ಯಾಟಿಕ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಅದರಲ್ಲಿ ಕ್ಲಚ್ ಇಲ್ಲ. ಎರಡೇ ಪೆಡಲ್, ಒಂದು ಓಡಲಿಕ್ಕೆ, ಒಂದು ನಿಲ್ಲಲಿಕ್ಕೆ. ಗೇರನ್ನು ಅದೇ ಬದಲಾಯಿಸಿಕೊಳ್ಳುತ್ತದೆ. ಎಡಗಾಲಿಗೆ ಕೆಲಸವೇ ಇಲ್ಲ.

ಆ ಕಾರು ಬಂದದ್ದರಿಂದ ಹೆಚ್ಚು ಬದಲಾದವರು ದೊಡ್ಡಮ್ಮ.

"ಊರಿನ ಹೆಂಗಸರನ್ನೆಲ್ಲ ತವರುಮನೆಗೆ ಬಿಟ್ಟು ಬಂದ್ರು ಈ ಮಹಾನುಭಾವರು. ನಾನು ಮಾತ್ರ ಬಸ್ ಸ್ಟಾಪಿಗೆ ನಡ್ಕೊಂಡೇ ಹೋದೆ" ಎಂದು ಮೊದಲು ಹೇಳಿಕೊಳ್ಳುತ್ತಿದ್ದರು. ಈಗ ಪ್ರತಿ ಸಂಜೆ ಇಬ್ಬರೂ ಊರಾಚೆಯ ದಿಣ್ಣೆಗೆ ಹೋಗುತ್ತಾರೆ. ಅಲ್ಲಿಂದ ರೈಲು ಕಾಣುತ್ತದೆ. ಬೇರೆಯವರು ಓಡಿಸುವ ಗಾಡಿಯನ್ನು ಕೂತು ನೋಡುವುದು ಎಷ್ಟು ಸುಖ ಎಂದು ತನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎನ್ನುತ್ತಾರೆ ದೊಡ್ಡಪ್ಪ. ದೊಡ್ಡಮ್ಮ ಕಾರಿಗೆಂದೇ ಬೇರೆ ಚಪ್ಪಲಿ ತೆಗೆದುಕೊಂಡಿದ್ದಾರೆ. ಅದನ್ನು ಹಾಕಿಕೊಂಡು ತರಕಾರಿ ಅಂಗಡಿಗೂ ಹೋಗುವುದಿಲ್ಲ.

ಒಂದು ಸಂಜೆ ಆ ಕಾರು ದಿಣ್ಣೆಗೆ ಹೋಗುವ ಬದಲು ನಮ್ಮ ಗೇಟಿಗೆ ಬಂತು.

"ಏನಯ್ಯಾ ಬಾಮೈದ, ಇದು ಕೂಗುತ್ತೆ, ಮುಂದಿನ ಗೇರಿಗೆ ಹೋಗಲ್ಲ" ಎಂದರು ದೊಡ್ಡಪ್ಪ. "ಹೋಗು ತಾಯಿ, ಹೋಗು ತಾಯಿ ಅಂತ ಬೇಡಿಕೋಬೇಕು. ಆಮೇಲೆ ಅದಕ್ಕೆ ಮನಸ್ಸು ಬಂದರೆ ಹೋಗುತ್ತೆ."

"ಯಜಮಾನರ ಗುಣ ಬಂದಿದೆ ಭಾವ" ಎಂದ ಮಾವ. "ಅಕ್ಕ ಊಟಕ್ಕೆ ಕರೆದಾಗ ನೀವು ಏಳೋದೂ ಹಾಗೇ ಅಲ್ವಾ?"

"ಹಾಂ, ಈಗ ಸರಿಯಾಗಿ ಹೇಳಿದೆ ನೋಡು" ಎಂದು ಕಾರಿನೊಳಗಿನಿಂದ ದೊಡ್ಡಮ್ಮನ ದನಿ ಬಂತು.

ಮಾವ ಎಂಜಿನ್ ಓಡುತ್ತಿರುವಾಗಲೇ ಗೇರಿನ ಎಣ್ಣೆಯ ಅಳತೆ ಕಡ್ಡಿ ಎಳೆದ. ಅದನ್ನು ಹಾಗೇ ನೋಡಬೇಕು, ಎಂಜಿನ್ ಬಿಸಿಯಾಗಿ ತಿರುಗುತ್ತಿರುವಾಗ. ನಿಂತ ಗಾಡಿಯಲ್ಲಿ ನೋಡಿದರೆ ಕಡ್ಡಿ ಸುಳ್ಳು ಹೇಳುತ್ತದೆ. ಬಿಳಿ ಬಟ್ಟೆಗೆ ಒರೆಸಿದಾಗ, ಹೊಸದಾಗಿದ್ದಾಗ ಕೆಂಪಗಿರುವ ಎಣ್ಣೆ ಹಾಲು ಕಡಿಮೆಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮೂಸಿ ನೋಡಿ, ಸುಟ್ಟಿಲ್ಲ, ಮುದಿಯಾಗಿದೆ ಅಷ್ಟೇ ಎಂದ. ಮಾರನೆಯ ದಿನ ಎಣ್ಣೆ ಇಳಿಸಿ, ಅಡಿಯ ತಟ್ಟೆ ಬಿಚ್ಚಿದೆವು. ಅದರಲ್ಲಿದ್ದ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪು ಪುಡಿ ಮಾತ್ರ ಅಂಟಿತ್ತು, ಚೂರುಗಳಿರಲಿಲ್ಲ. ನಾನು ತೊಳೆದೆ. ಮಾವ ಹೊಸ ಫಿಲ್ಟರ್ ಕೂರಿಸಿ ಹೊಸ ಎಣ್ಣೆ ಹಾಕಿದ. ಗಾಡಿಯ ಕಂಪ್ಯೂಟರಿಗೆ ಯಂತ್ರ ಚುಚ್ಚಿ ನೋಡಿದ, ಒಂದು ತಪ್ಪೂ ತೋರಿಸಲಿಲ್ಲ. ಓಡಿಸಿ ನೋಡಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರುಗಳು ಒಂದರ ಹಿಂದೆ ಒಂದು ಬಿದ್ದವು.

ಮರುದಿನ ಸಂಜೆ ದೊಡ್ಡಪ್ಪ ವಾಪಸ್ಸು ಬಂದರು. "ಅದೇ ಕಥೆ ಕಣಯ್ಯಾ."

ಮಾವ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ. ಇಬ್ಬರೂ ಒಂದು ಸುತ್ತು ಹೋಗಿ ಬಂದರು. ಮಾವ ಇಳಿದಾಗ ಹುಬ್ಬು ಗಂಟಿಕ್ಕಿತ್ತು. ನಿಜ, ಗಾಡಿ ಎರಡನೆಯ ಗೇರಿನಲ್ಲಿ ಕೂಗುತ್ತಲೇ ಇರುತ್ತದೆ, ಮೂರಕ್ಕೆ ಹೋಗಲು ಮೀನಮೇಷ ಎಣಿಸುತ್ತದೆ. ಆಮೇಲೆ ಮಾವ ಸ್ಟೀರಿಂಗಿಗೆ ಕೂತ, ದೊಡ್ಡಪ್ಪ ಪಕ್ಕದಲ್ಲಿ. ಏನೂ ಇಲ್ಲ. ಮತ್ತೆ ಜಾಗ ಬದಲಾಯಿಸಿದರು. ಮತ್ತೆ ಕೂಗು.

"ಇದೇನಯ್ಯಾ, ನಿನ್ನ ಕೈಲಿ ಹೊಸ ಅಳಿಯನ ಹಾಗೆ ಇರುತ್ತೆ, ನನ್ನ ಕೈಗೆ ಬಂದ್ರೆ ಹಳೇ ಅಳಿಯ ಆಗ್ಬಿಡುತ್ತೆ!"

ಮಾವನಿಗೆ ನಗು ಬರಲಿಲ್ಲ. ಅವನ ಕಿವಿಗೆ ಸಿಗದ ಕಾಯಿಲೆ ಇರುವುದು ಅವನಿಗೆ ಅವಮಾನ. ಗೇರ್‌ಬಾಕ್ಸಿನೊಳಗೆ ಎಣ್ಣೆಯ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್ ಯಾವುದೋ ಒಮ್ಮೊಮ್ಮೆ ಅಂಟಿಕೊಳ್ಳುತ್ತಿರಬೇಕು, ಇಳಿಸಿ ಬಿಚ್ಚಿಯೇ ನೋಡಬೇಕು ಎಂದ.

ಅವನು ಕೈ ತೊಳೆಯಲು ಹೋದಾಗ ದೊಡ್ಡಪ್ಪ ನನ್ನ ಪಕ್ಕದಲ್ಲಿ ಹಳೇ ಟೈರಿನ ಮೇಲೆ ಕೂತರು. ನಾನು ಅವರ ಕಾರಿನ ಚಕ್ರ ಒರೆಸುತ್ತಿದ್ದೆ. ಹಿಂದಿನ ದಿನವೇ ಒರೆಸಿ ಕಳಿಸಿದ್ದ ಮುಂದಿನ ಚಕ್ರಗಳ ಮೇಲೆ ಆಗಲೇ ಕರಿ ಪುಡಿ ಕೂತಿತ್ತು. ಮುಟ್ಟಿದರೆ ಬಿಸಿ. ಬಟ್ಟೆಯನ್ನು ಮಡಿಸಿ ಹಿಡಿದುಕೊಳ್ಳಬೇಕಾಯಿತು.

"ಮಗಳೇ" ಎಂದರು ದೊಡ್ಡಪ್ಪ, ಮೆಲ್ಲಗೆ. "ನಿನ್ನ ಮಾವ ಓಡಿಸಿದ್ರೆ ಸರಿ ಇರುತ್ತೆ. ನಾನು ಓಡಿಸಿದ್ರೆ ಇರಲ್ಲ. ಗೇರ್‌ಬಾಕ್ಸ್ ಬಿಚ್ಚಿದ್ರೂ ಏನೂ ಸಿಗ್ಲಿಲ್ಲ ಅಂದ್ರೆ?"

ನಾನು ಬಟ್ಟೆಯ ಇನ್ನೊಂದು ಮಗ್ಗುಲು ತಿರುವಿ ಒರೆಸತೊಡಗಿದೆ.

"ನನ್ನ ಜೊತೆ ಒಬ್ಬ ಡ್ರೈವರ್ ಇದ್ದ, ಬಹಳ ಒಳ್ಳೇವನು. ಕೈಕಾಲು ಹೇಳಿದ ಮಾತು ಕೇಳ್ತಿಲ್ಲ ಅಂತ ಅವನಿಗೇ ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ. ಒಂದು ದಿನ ನಿಂತಿದ್ದ ತಳ್ಳುಗಾಡಿ ಮೇಲೆ ಹೋದ. ಗಾಡಿಯವನು ಬದುಕಿದ, ಇವನು ಮಾತ್ರ ಅವತ್ತಿಂದ ತಲೆ ಎತ್ತಿ ನಡೀಲಿಲ್ಲ. ನಾನು ಅವತ್ತೇ ಅಂದ್ಕೊಂಡಿದ್ದೀನಿ. ನನ್ನ ಕಾಲು ನನ್ನ ಮಾತು ಮೀರಿದ ದಿನ ಕೀ ಕೆಳಗಿಡ್ತೀನಿ. ಯಾರಿಂದಲೂ ಹೇಳಿಸಿಕೊಳ್ಳೋದು ಬೇಡ." ಮಂಡಿ ನೀವಿಕೊಳ್ಳುತ್ತಾ, "ಗಾಡಿದೇ ತಪ್ಪು ಆಗಿರಲಿ ಅಂತ ಆಸೆ ನಂಗೆ. ನಿನ್ನ ದೊಡ್ಡಮ್ಮಂಗೆ ಇನ್ನೂ ರೈಲು ನೋಡಿ ಸಾಕಾಗಿಲ್ಲ" ಎಂದರು.

ಎರಡು ದಿನ ಬಿಟ್ಟು ಅವರು ಕಾರು ಬಿಡಲು ಬೆಳಿಗ್ಗೆ ಬಂದರು. ಆದರೆ ಕೆಲಸದ ಜಾಗದಲ್ಲಿ ಬೇರೊಂದು ವ್ಯಾನ್ ಇತ್ತು. ಅದರ ಒಂದು ಬೋಲ್ಟು ಮುರಿದು ಮಾವ ಅದನ್ನೂ ಅದರ ವಂಶವನ್ನೂ ಬೈಯುತ್ತಿದ್ದ. ನಾಳೆ ಬನ್ನಿ ಭಾವ ಎಂದು ಅಡಿಯಿಂದಲೇ ಕೂಗಿದ. ನಾನು ರಸ್ತೆಗೆ ಇಳಿದು ಸೈಕಲ್‌ಗಳನ್ನು ತಡೆದೆ. ದೊಡ್ಡಪ್ಪ ಹಿಮ್ಮುಖವಾಗಿ ಬಂದು, ತಿರುಗಿಸಿಕೊಂಡು, ಏರು ಹತ್ತತೊಡಗಿದರು. ಎಂಜಿನ್ ಕೂಗಿತು. ನಾನು ಎಂದಿನಂತೆ ಬೆನ್ನು ನೋಡುತ್ತಾ ನಿಂತೆ.

ಹಿಂದಿನ ಎರಡೂ ದೀಪ ಕೆಂಪಗೆ ಉರಿಯುತ್ತಿದ್ದವು.

ಸಂಜೆ ಬಂದಾಗಲೆಲ್ಲ ಅವರು ಹೆಡ್‌ಲೈಟ್ ಹಾಕಿರುತ್ತಿದ್ದರು, ಹಿಂದಿನ ಕೆಂಪು ಆಗ ಇರುವುದೇ ಸಹಜ. ಇದು ಬೆಳಗಿನ ಬಿಸಿಲು. ಬ್ರೇಕ್ ಹಿಡಿಯದೆ ಆ ದೀಪ ಉರಿಯುವ ಹಾಗಿಲ್ಲ. ಆ ಏರಿನಲ್ಲಿ ಎಷ್ಟು ಗಾಡಿ ಹತ್ತಿದ್ದನ್ನು ನೋಡಿದ್ದೇನೋ, ಏರುವಾಗ ಬ್ರೇಕ್ ಹಿಡಿದವರನ್ನು ಒಬ್ಬರನ್ನೂ ನೋಡಿರಲಿಲ್ಲ. ಕಾರು ಗಿರಣಿಯ ಮೂಲೆಯಲ್ಲಿ ತಿರುಗುವವರೆಗೂ ದೀಪ ಆರಲಿಲ್ಲ. ನನಗೆ ಚಕ್ರದ ಬಿಸಿಯೂ ಕರಿ ಪುಡಿಯೂ ನೆನಪಾದವು. ಅದು ಬ್ರೇಕ್ ಸವೆದ ಪುಡಿ.

ವ್ಯಾನಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಾವನಿಗೆ ಹೇಳಿದೆ. ನನ್ನ ಮಾತಿಗೆ ಅವನು ಸಾಮಾನ್ಯವಾಗಿ ಕೆಲಸ ನಿಲ್ಲಿಸುವುದಿಲ್ಲ. ಆ ದಿನ ಸ್ಪ್ಯಾನರ್ ನಿಂತಿತು.

"ಬ್ರೇಕ್ ಸ್ವಿಚ್ ಕೆಟ್ಟಿರಬೇಕು ಬೆಕ್ಕೇ. ನಾಳೆ ನೋಡೋಣ."

ಮರುದಿನ ದೊಡ್ಡಪ್ಪ ಕಾರು ಬಿಟ್ಟು ಮನೆಗೆ ನಡೆದುಕೊಂಡು ಹೋದರು. ಕೀಯನ್ನು ಮಾವನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ಹೋದದ್ದು ನನಗೆ ಹಿಡಿಸಲಿಲ್ಲ. ಮಾವ ಸ್ವಿಚ್ ನೋಡಿದ; ಸರಿಯಾಗಿತ್ತು. ನಾನು ಹಿಂದೆ ನಿಂತು ನೋಡಿದೆ. ಮಾವ ಬ್ರೇಕ್ ಮುಟ್ಟಿದರೆ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಓಡಿಸಿಕೊಂಡು ಏರು ಹತ್ತಿ ಬಂದ. ದೀಪವೂ ಇಲ್ಲ, ಕೂಗೂ ಇಲ್ಲ.

"ಬಿಸಿಲಿಗೆ ಕಣ್ಣು ಮಂಜಾಗಿತ್ತೇನೋ ನಿಂಗೆ" ಎಂದ.

"ಮಾವ, ಎಡಗಾಲನ್ನ ಬ್ರೇಕ್ ಮೇಲಿಟ್ಕೊಂಡು ಓಡಿಸು. ಒತ್ತಬೇಡ. ಸುಮ್ನೆ ಇಟ್ಕೋ."

"ಅದ್ಯಾರು ಹಾಗೆ ಓಡಿಸ್ತಾರೆ?" ಎಂದವನು ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಕ್ಲಚ್ ಇಲ್ಲದ ಕಾರಿನಲ್ಲಿ ಬ್ರೇಕ್ ಪೆಡಲ್ ಅಗಲ. ಕ್ಲಚ್ ಹುಡುಕಿಕೊಂಡು ಎಡಗಡೆಯಿಂದ ಬಂದ ಕಾಲಿಗೆ ಮೊದಲು ಸಿಗುವುದೇ ಅದು.

ಈ ಸಲ ನಾನೂ ಜೊತೆಗೆ ಹತ್ತಿದೆ. ಮಾವನ ಎಡಗಾಲು ಪೆಡಲಿನ ಮೇಲೆ ಹಕ್ಕಿ ಕೂತಷ್ಟು ಹಗುರವಾಗಿ ಕೂತಿತ್ತು. ಕಾರು ಗಿರಣಿ ದಾಟಿತು, ದಾಟಿ ಕೂಗಿತು, ಕೂಗುತ್ತಲೇ ಇತ್ತು. ಮೂರನೆಯ ಗೇರು ಬರಲಿಲ್ಲ. ಕಾಲು ತೆಗೆದ. ತಕ್ಷಣ ಗೇರು ಬಿದ್ದು ಎಂಜಿನ್ ನಿಟ್ಟುಸಿರು ಬಿಟ್ಟಿತು. ಮತ್ತೆ ಕಾಲಿಟ್ಟ, ಮತ್ತೆ ತೆಗೆದ. ಹೊಸ ಆಟಿಕೆ ಸಿಕ್ಕವನ ಹಾಗೆ ಆ ಬೀದಿ ಮುಗಿಯುವವರೆಗೂ ಅದನ್ನೇ ಮಾಡಿದ.

"ಅಯ್ಯೋ ಅಯ್ಯೋ ಅಯ್ಯೋ! ಇದರ ಕಂಪ್ಯೂಟರಿಗೆ ಬ್ರೇಕ್ ದೀಪದ್ದೇ ಸುದ್ದಿ. ದೀಪ ಹತ್ತಿದೆ, ಹಾಗಾದ್ರೆ ಈತ ನಿಲ್ಲಿಸೋಕೆ ಹೊರಟಿದ್ದಾನೆ, ಇವನಿಗ್ಯಾಕೆ ಮೇಲಿನ ಗೇರು ಅಂತ ಪಾಪ ಅದು ಕಾಯ್ತಾ ಕೂತಿದೆ! ನಾನು ಕಣ್ಣು ಮುಚ್ಕೊಂಡು ಒಳಗೆಲ್ಲ ಹುಡುಕಿದೆ. ಕಾಯಿಲೆ ನನ್ನ ಪಕ್ಕದಲ್ಲೇ ಚಪ್ಪಲಿ ಹಾಕ್ಕೊಂಡು ಕೂತಿತ್ತು!"

ಗಾಡಿ ಬದಿಗೆ ನಿಲ್ಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುತ್ತಲೇ, ಇದನ್ನು ಯಾರ ಎದುರು, ಯಾವ ಮದುವೆ ಮನೆಯಲ್ಲಿ, ಯಾವ ಪಂಕ್ತಿಯಲ್ಲಿ ಹೇಳಿದರೆ ಚೆನ್ನಾಗಿರುತ್ತದೆ ಎಂದು ಯೋಚಿಸತೊಡಗಿದ. ಭಾವನನ್ನು ಆಡಿಸಲು ಇಂಥ ಅಸ್ತ್ರ ಅವನಿಗೆ ಎಂದೂ ಸಿಕ್ಕಿರಲಿಲ್ಲ.

"ಹೇಳಬೇಡ ಮಾವ" ಎಂದೆ.

"ಯಾಕೆ?"

ಟೈರಿನ ಮೇಲೆ ಕೂತು ದೊಡ್ಡಪ್ಪ ಹೇಳಿದ್ದನ್ನು ಹೇಳಿದೆ. ತಳ್ಳುಗಾಡಿಯದ್ದು, ಕೀ ಕೆಳಗಿಡುವುದು, ರೈಲು, ಎಲ್ಲ.

ಮಾವನ ನಗು ಇಳಿಯಿತು. ಒರೆಸಬೇಕಾದ್ದೇನೂ ಇರದಿದ್ದರೂ ಕೈ ಒರೆಸಿಕೊಂಡ. "ಕಣ್ಣು ಮುಚ್ಚಿ ಕೇಳೋದು ನಾನು ಎಲ್ಲಿ ಕಲಿತೆ ಗೊತ್ತಾ? ಅವರ ಬಸ್ಸಲ್ಲಿ. ನಿಮ್ಮ ಅಮ್ಮನ ಮದುವೆ ಆದ ಹೊಸದು, ನಂಗೆ ಮೀಸೆ ಬಂದಿರ್ಲಿಲ್ಲ. ಎಂಜಿನ್ ಪೆಟ್ಟಿಗೆ ಮೇಲೆ ಕೂರಿಸ್ಕೊಂಡು, ಕಣ್ಣು ಮುಚ್ಚು, ಈಗ ಯಾವ ಗೇರು ಹೇಳು ಅನ್ನೋರು. ತಪ್ಪು ಹೇಳಿದ್ರೆ ಬಸ್ಸಲ್ಲಿರೋ ಜನಕ್ಕೆಲ್ಲ ಕೇಳೋ ಹಾಗೆ ನಗೋರು. ಗೇರ್ ಬದಲಾಯಿಸೋ ಸದ್ದೇ ಬರ್ತಿರಲಿಲ್ಲ ಕಣೇ, ಅಷ್ಟು ನಾಜೂಕು ಆ ಎಡಗಾಲು." ಪೆಡಲುಗಳ ಕಡೆ ಬಗ್ಗಿ ನೋಡಿದ. "ಈಗ ಏನು ಮಾಡೋದು? ಹೇಳದೇ ಇದ್ರೆ ಆ ಕಾಲು ಅಲ್ಲೇ ಹೋಗಿ ಕೂರುತ್ತೆ. ಗಾಬರಿಯಲ್ಲಿ ಎರಡೂ ಕಾಲು ಒಟ್ಟಿಗೆ ಬ್ರೇಕನ್ನೇ ಒತ್ತಿದ್ರೆ ಗಾಡಿ ಗಕ್ಕನೆ ನಿಂತು ಹಿಂದಿನವನು ಬಂದು ಗುದ್ದುತ್ತಾನೆ. ಹೇಳಿದ್ರೆ ಕೀ ಕೆಳಗಿಡ್ತಾರೆ."

"ಹೇಳೋಣ. ಆದ್ರೆ ಮೊದಲು ಆ ಕಾಲಿಗೆ ಒಂದು ಜಾಗ ಮಾಡಿಕೊಡೋಣ."

ಗ್ಯಾರೇಜಿನ ಹಿಂದೆ ಗುಜರಿ ರಾಶಿ ಇದೆ. ಅದರಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಮಾವನಿಗಿಂತ ನನಗೆ ಚೆನ್ನಾಗಿ ಗೊತ್ತು. ಒಂದು ಹಳೇ ಬಸ್ಸಿನ ಕ್ಲಚ್ ಪೆಡಲ್ ಅಲ್ಲಿ ಬಿದ್ದಿರುವುದನ್ನು ನೋಡಿದ್ದೆ. ಅಗಲವಾದದ್ದು. ಯಾರದೋ ಕಾಲು ತುಳಿದು ತುಳಿದು ರಬ್ಬರು ಒಂದು ಕಡೆ ನುಣ್ಣಗೆ ಸವೆದಿತ್ತು. ತುಕ್ಕು ಉಜ್ಜಿ ತೊಳೆದು ತಂದೆ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕ್ಲಚ್ಚೇ ಇಲ್ಲದ ಕಾರಿಗೆ ಕ್ಲಚ್ ಪೆಡಲ್ ಕೂರಿಸಿದ ಮೊದಲ ಮಿಸ್ತ್ರಿ ಎಂದು ತನ್ನ ಗೋರಿಯ ಮೇಲೆ ಬರೆಸಬೇಕು ಎಂದ. ಆಮೇಲೆ ನನಗಿಂತ ಅವನಿಗೇ ಹುಮ್ಮಸ್ಸು ಹೆಚ್ಚಾಯಿತು.

ಎಡಗಡೆ ಕಾಲಿಡುವ ತಗ್ಗಿನಲ್ಲಿ ಕಬ್ಬಿಣದ ಪಟ್ಟಿ ಬೋಲ್ಟು ಮಾಡಿ, ಅದಕ್ಕೆ ಪೆಡಲನ್ನು ಕೀಲು ಹಾಕಿ ನಿಲ್ಲಿಸಿದ. ಅಡಿಗೆ ಒಂದು ಸ್ಪ್ರಿಂಗ್ ಇಟ್ಟ. ಮೊದಲು ಹಾಕಿದ್ದು ತೀರಾ ಮೆತ್ತಗಾಯಿತು, "ಇದು ಸೋಫಾ ಆಯ್ತು" ಎಂದು ತೆಗೆದ. ಎರಡನೆಯದು ಮಂಡಿಗೆ ಭಾರವಾಗುವಷ್ಟು ಗಟ್ಟಿ. ಮೂರನೆಯದು ಕಾಲಿಟ್ಟರೆ ಸ್ವಲ್ಪ ಇಳಿದು ಅಲ್ಲೇ ನಿಲ್ಲುತ್ತಿತ್ತು. ಬ್ರೇಕ್ ಪೆಡಲಿಗೂ ಇದಕ್ಕೂ ನಡುವೆ ನನ್ನ ಇಡೀ ಅಂಗೈ ಅಡ್ಡ ಹಿಡಿಸಿ, ಜಾಗ ಇದೆಯೇ, ಚಪ್ಪಲಿ ಸಿಕ್ಕಿಕೊಳ್ಳುವುದಿಲ್ಲವೇ ಎಂದು ಮತ್ತೆ ಮತ್ತೆ ನೋಡಿದ. ಕೊನೆಗೆ ನಿಂತ ಕಾರಿನಲ್ಲೇ ಕೂತು, ಆ ಪೆಡಲ್ ತುಳಿದು, ಇಲ್ಲದ ಗೇರು ಹಾಕಿ, ಬಾಯಲ್ಲಿ ಬಸ್ಸಿನ ಸದ್ದು ಮಾಡುತ್ತಾ ಗ್ಯಾರೇಜಿನ ಗೋಡೆಯನ್ನೇ ದೂರದ ಊರು ಮಾಡಿಕೊಂಡು ಬಹಳ ಹೊತ್ತು ಓಡಿಸಿದ. ನಾನು ಹಿಂದಿನ ಸೀಟಿನಲ್ಲಿ ಕೂತು ಟಿಕೆಟ್ ತೆಗೆದುಕೊಂಡೆ.

ಮಧ್ಯಾಹ್ನ ದೊಡ್ಡಪ್ಪ ಬಂದಾಗ, "ಸರಿ ಹೋಗಿದೆ ಭಾವ, ಏನಾಗಿತ್ತು ಅಂತ ಬೆಕ್ಕು ಹೇಳುತ್ತೆ" ಎಂದವನೇ ಮಾವ ವ್ಯಾನಿನ ಅಡಿಗೆ ನುಗ್ಗಿಬಿಟ್ಟ. ಅವನ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿತ್ತು. ಮೋಸಗಾರ.

"ಹಾಗಾದ್ರೆ ಬಾ ಮಗಳೇ, ಒಂದು ಸುತ್ತು ಹೋಗೋಣ" ಎಂದರು ದೊಡ್ಡಪ್ಪ.

ಅವರು ಸ್ಟೀರಿಂಗಿಗೆ ಕೂತರು. ಕನ್ನಡಿ ಸರಿ ಮಾಡಿಕೊಂಡರು. ಕೀ ತಿರುಗಿಸುವ ಮೊದಲೇ ಎಡಗಾಲು ತಾನಾಗಿ ಎದ್ದು ಮುಂದೆ ಹೋಯಿತು. ಹೋಗಿ, ಪೆಡಲ್ ಸಿಕ್ಕಿ, ನಿಂತಿತು. ದೊಡ್ಡಪ್ಪ ತಲೆ ಬಗ್ಗಿಸಲಿಲ್ಲ. ಕಾಲಿನಿಂದಲೇ ಅದನ್ನು ತಡವಿ ನೋಡಿದರು. ಅಂಚು, ಮಧ್ಯ, ಸವೆದ ಕಡೆ. ಕೀ ತಿರುಗಿಸಿ ಗಾಡಿ ತೆಗೆದರು.

ಏರು ಹತ್ತಿದೆವು. ಎರಡು, ಮೂರು, ನಾಲ್ಕು. ಬಟ್ಟಲಿನಲ್ಲಿ ಹಾಲು ತುಂಬಿಟ್ಟಿದ್ದರೂ ತುಳುಕುತ್ತಿರಲಿಲ್ಲ. ಗಿರಣಿಯ ಹಿಂದೆ ಖಾಲಿ ಮೈದಾನವಿದೆ. ದೊಡ್ಡಪ್ಪ ಅಲ್ಲಿಗೆ ತಿರುಗಿಸಿ, ನಿಲ್ಲಿಸಿ, ಎಂಜಿನ್ ಆರಿಸಿದರು.

"ಹೇಳು."

ಹೇಳಿದೆ. ಏರು ಹತ್ತುವಾಗ ಬ್ರೇಕ್ ದೀಪ ಉರಿಯುತ್ತಿತ್ತು ದೊಡ್ಡಪ್ಪ ಎಂದೆ. ಚಕ್ರ ಬಿಸಿಯಾಗಿತ್ತು ಎಂದೆ. ಎಡಗಾಲು ಬ್ರೇಕಿನ ಮೇಲೆ ಇರುತ್ತದೆ, ಆದ್ದರಿಂದ ಗೇರು ಕಾಯುತ್ತದೆ ಎಂದೆ. ಒಂದೇ ಸಲಕ್ಕೆ ಅಷ್ಟು ಮಾತಾಡಿ ನನ್ನ ಬಾಯಿ ಒಣಗಿತು.

ದೊಡ್ಡಪ್ಪ ಕೀ ಹೊರಗೆಳೆದರು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಆಮೇಲೆ ಅದನ್ನು ಮುಂದಿನ ಗಾಜಿನ ಕೆಳಗೆ, ಇಬ್ಬರಿಗೂ ನಡುವೆ ಇಟ್ಟರು.

"ಅಂದ್ರೆ ಕಾಲು ನನ್ನ ಮಾತು ಕೇಳ್ತಿಲ್ಲ."

"ಕೇಳ್ತಿದೆ ದೊಡ್ಡಪ್ಪ. ನಿಮ್ಮ ಹಳೇ ಮಾತನ್ನೇ ಕೇಳ್ತಿದೆ. ಬಿಡುವಾದಾಗ ಕ್ಲಚ್ ಮೇಲೆ ಇರು ಅಂದಿದ್ರಿ, ಇದೆ. ನಿವೃತ್ತಿ ಆಯ್ತು ಅಂತ ನಿಮಗೆ ಹಾರ ಹಾಕಿ ಹೇಳಿದ್ರು. ಕಾಲಿಗೆ ಯಾರೂ ಹೇಳಲಿಲ್ಲ."

ಅವರು ನನ್ನ ಕಡೆ ತಿರುಗಿದರು. ನಾನು ಇಷ್ಟು ಮಾತಾಡಬಲ್ಲೆ ಎಂದು ನೋಡಿದರೋ, ಮಾತು ನಿಜವೋ ಎಂದು ನೋಡಿದರೋ ಗೊತ್ತಾಗಲಿಲ್ಲ. ನಗು ಬಂತು, ಆದರೆ ಪೂರ್ತಿ ಬರಲು ಬಿಡಲಿಲ್ಲ.

"ನೀನು ನನ್ನ ಮೇಲಿನ ಪ್ರೀತಿಗೆ ಹೇಳ್ತಿದ್ದೀಯ. ಅದು ಸಾಲಲ್ಲ. ಕೆಳಗಿಳಿ. ನಿನ್ನ ಹತ್ರ ಬಟ್ಟೆ ಇದೆಯಲ್ಲ, ಎಣ್ಣೆ ಒರೆಸೋದು? ಅದನ್ನ ಹಿಡ್ಕೊಂಡು ಆ ಕಂಬದ ಹತ್ರ ನಿಂತ್ಕೋ. ನಾನು ಈ ಕಡೆಯಿಂದ ಆ ಕಡೆಗೆ ಓಡಿಸ್ತಾ ಇರ್ತೀನಿ. ನಿಂಗೆ ಯಾವಾಗ ತೋಚುತ್ತೋ ಆಗ ಗಾಡಿ ಮುಂದೆ ಎಸಿ. ಕಣ್ಣಲ್ಲಿ ಸನ್ನೆ ಮಾಡಬಾರದು, ಕರುಣೆ ತೋರಿಸಬಾರದು. ಅದನ್ನ ಮಗು ಅಂದ್ಕೊಂಡೇ ಎಸಿ. ಬಟ್ಟೆ ಮೇಲೆ ಹೋದೆ ಅಂದ್ರೆ, ಕೀ ನಿನ್ನದು. ದೊಡ್ಡಮ್ಮನ ಹತ್ರ ನಾನೇ ಮಾತಾಡ್ತೀನಿ."

ನಾನು ಕಂಬದ ಹತ್ತಿರ ನಿಂತೆ. ದೊಡ್ಡಪ್ಪ ಮೈದಾನದ ಆ ತುದಿಗೆ ಹೋಗಿ ತಿರುಗಿ ಬಂದರು. ಎಸೆಯಲಿಲ್ಲ. ಮತ್ತೆ ಹೋಗಿ ಬಂದರು. ಕೈ ಎದ್ದಿತು, ಇಳಿಯಿತು. ಎಸೆಯದೇ ಮನೆಗೆ ಹೋಗಿಬಿಡೋಣ ಅನ್ನಿಸಿತು. ಅವರು ಗಾಜಿನೊಳಗಿನಿಂದ ನನ್ನ ಕಡೆ ನೋಡುತ್ತಿರಲಿಲ್ಲ, ನೇರ ಮುಂದೆ ನೋಡುತ್ತಿದ್ದರು, ಬಸ್ಸಿನಲ್ಲಿ ಕೂತವರ ಹಾಗೆ ಬೆನ್ನು ನೆಟ್ಟಗೆ. ಮುಂದಿನ ಸಲ ವೇಗ ಹೆಚ್ಚಿತ್ತು. ಬೇಕೆಂದೇ ಹೆಚ್ಚಿಸಿದ್ದರು. ಬಂಪರು ಕಂಬದ ಸಮಕ್ಕೆ ಬರುವ ಮುಂಚೆ ಕಣ್ಣು ಬಿಟ್ಟುಕೊಂಡೇ ಎಸೆದೆ.

ಧೂಳೆದ್ದಿತು. ಕಾರು ಮೂಗು ತಗ್ಗಿಸಿ ನಿಂತಿತು.

ಓಡಿ ಹೋಗಿ ನೋಡಿದೆ. ಬಟ್ಟೆ ಚಕ್ರದ ಮುಂದೆ ಹಾಗೇ ಬಿದ್ದಿತ್ತು. ನಡುವೆ ಒಂದು ಹಸು ಮಲಗುವಷ್ಟು ಜಾಗ ಇತ್ತು. ಕಿಟಕಿಯಿಂದ ಒಳಗೆ ಬಗ್ಗಿದೆ. ದೊಡ್ಡಪ್ಪನ ಬಲಗಾಲು ಬ್ರೇಕಿನ ಮೇಲಿತ್ತು. ಎಡಗಾಲು ಆ ಸುಳ್ಳು ಕ್ಲಚ್ಚನ್ನು ತಳ ಮುಟ್ಟುವಂತೆ ಒತ್ತಿ ಹಿಡಿದಿತ್ತು. ಎಂಜಿನ್ ನಿಂತುಹೋಗದಿರಲೆಂದು ಬಸ್ಸಿನಲ್ಲಿ ಒತ್ತುವ ಹಾಗೆ.

"ಬಟ್ಟೆ?" ಎಂದರು.

"ಚೆನ್ನಾಗಿದೆ ದೊಡ್ಡಪ್ಪ."

ಅವರು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಮಾವನ ಹಾಗೇ ಕಂಡರು. ಅಥವಾ ಮಾವನೇ ಇಷ್ಟು ವರ್ಷ ಇವರ ಹಾಗೆ ಕೂರುತ್ತಿದ್ದನೋ ಏನೋ.

"ಎತ್ತರ ಯಾರು ಇಟ್ಟಿದ್ದು?"

"ಮಾವ."

"ಒಂದು ಬೆರಳು ಜಾಸ್ತಿ ಆಯ್ತು. ಇಳಿಸೋಕೆ ಹೇಳು. ಮಿಸ್ತ್ರಿ ಅಂತೆ ಮಿಸ್ತ್ರಿ." ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. "ಮತ್ತೆ ಕೇಳು. ವರ್ಷಕ್ಕೊಂದು ಸಲ ಇಲ್ಲಿಗೆ ಬರೋಣ, ಇದೇ ಬಟ್ಟೆ, ಇದೇ ಕಂಬ. ಬಟ್ಟೆ ತುಳಿದ ದಿನ ನೀನೇ ಕೀ ಇಸ್ಕೋಬೇಕು. ಬೇರೆ ಯಾರಿಗೂ ನಾನು ಕೊಡಲ್ಲ. ನೀನಾದ್ರೆ ಸುಳ್ಳು ಎಸೆಯಲ್ಲ."

ಆಗಲಿ ಎಂದು ತಲೆ ಆಡಿಸಿದೆ. ಬಟ್ಟೆ ಎತ್ತಿಕೊಂಡು ಧೂಳು ಕೊಡವಿದೆ.

ಗ್ಯಾರೇಜಿಗೆ ಬಂದಾಗ ವ್ಯಾನಿನ ಅಡಿಯ ಪಾದಗಳು ಇನ್ನೂ ಹಾಗೇ ಇದ್ದವು. ಅಷ್ಟು ಹೊತ್ತೂ ಒಂದು ಬೋಲ್ಟೂ ತಿರುಗಿಸಿರಲಿಲ್ಲ ಎಂದು ಕಾಣುತ್ತದೆ. ದೊಡ್ಡಪ್ಪ ಹೋಗಿ ಒಂದು ಪಾದಕ್ಕೆ ಚಪ್ಪಲಿಯಿಂದ ತಟ್ಟಿದರು.

"ಯಾವ ಗೇರಲ್ಲಿ ಬಂದೆ ಹೇಳಯ್ಯಾ?"

"ಮೂರು" ಎಂದಿತು ವ್ಯಾನಿನ ಅಡಿಯ ದನಿ. "ಗೇಟಿನ ಹತ್ರ ಎರಡಕ್ಕೆ ಇಳೀತು."

ದೊಡ್ಡಪ್ಪ ಬೀದಿಗೆಲ್ಲ ಕೇಳುವ ಹಾಗೆ ನಕ್ಕರು.

ಸಂಜೆ ಇಬ್ಬರೂ ದಿಣ್ಣೆಗೆ ಹೊರಟವರು ಪೆಡಲಿನ ಎತ್ತರ ಇಳಿಸಿಕೊಳ್ಳಲು ಬಂದರು. ಮಾವ ಬಗ್ಗಿ ಬೋಲ್ಟು ತಿರುಗಿಸುತ್ತಿರುವಾಗ ದೊಡ್ಡಮ್ಮ ತಮ್ಮ ಸೀಟಿನಲ್ಲೇ ಕೂತು ಅದನ್ನೆಲ್ಲ ನೋಡುತ್ತಿದ್ದರು. ಕಾಲಲ್ಲಿ ಕಾರಿನ ಚಪ್ಪಲಿ.

"ಅಲ್ವೋ, ಅವರಿಗೆ ಇಲ್ಲದ ಕ್ಲಚ್ ಹಾಕಿಕೊಟ್ಟೆ. ನನ್ನ ಕಡೆಗೂ ಒಂದು ಇಲ್ಲದ ಬ್ರೇಕ್ ಹಾಕಿಕೊಡೋ ಪುಣ್ಯಾತ್ಮ. ಪ್ರತಿ ತಿರುವಿಗೂ ನೆಲ ಒತ್ತಿ ಒತ್ತಿ ನನ್ನ ಹೆಬ್ಬೆರಳು ಬಿದ್ದು ಹೋಗಿದೆ."

"ನೋಡಿದ್ಯಾ, ಅಪನಂಬಿಕೆ ನೋಡಿದ್ಯಾ!" ಎಂದರು ದೊಡ್ಡಪ್ಪ.

"ನಂಬಿಕೆ ಇರೋದಕ್ಕೇ ನೆಲ ಒತ್ತೋದು. ಇಲ್ದೇ ಇದ್ರೆ ಬಾಗಿಲು ತೆಗೆದು ಹಾರಿಬಿಡ್ತಿದ್ದೆ."

ಇನ್ನೂ ಬೆಳಕಿತ್ತು, ದೊಡ್ಡಪ್ಪ ಹೆಡ್‌ಲೈಟ್ ಹಾಕಿರಲಿಲ್ಲ. ನಾನು ರಸ್ತೆಗೆ ಇಳಿದು ಸೈಕಲ್‌ಗಳನ್ನು ತಡೆದೆ. ಕಾರು ಹಿಂದಕ್ಕೆ ಬಂದು, ತಿರುಗಿ, ಏರು ಹತ್ತಿತು. ಮಾವನೂ ಗೇಟಿನ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ ನನ್ನ ಪಕ್ಕದಲ್ಲಿ ನಿಂತು ಅಭ್ಯಾಸದಂತೆ ಕಣ್ಣು ಮುಚ್ಚಿದ. ಎರಡು ಎಂದ, ಮೂರು ಎಂದ. ನಾನು ದೀಪ ನೋಡುತ್ತಿದ್ದೆ. ಏರಿನುದ್ದಕ್ಕೂ ಅವು ಕಪ್ಪಗೇ ಇದ್ದವು. ಗಿರಣಿಯ ಮೂಲೆಯಲ್ಲಿ, ಹೊತ್ತಬೇಕಾದ ಕಡೆ, ಎರಡೂ ಒಟ್ಟಿಗೆ ಕೆಂಪಗೆ ಹೊತ್ತಿಕೊಂಡು ತಿರುವಿನ ಆಚೆ ಹೋದವು.